ಹದಿನೈದು ವರ್ಷ, ಮೂರು ಟೆಸ್ಟ್: ಸಣ್ಣ ದೇಶದ ಕ್ರಿಕೆಟಿಗನ ವೃತ್ತಿಜೀವನ ಹೇಗಿರುತ್ತದೆ?

2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ತಂಡವು ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ಆ ಓವರ್ ಎಸೆದ ಸೌರಭ್ ನೇತ್ರಾವಳ್ಕರ್ ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಸುದ್ದಿ ಅವರ ಬೌಲಿಂಗಿಗಿಂತ ವೇಗವಾಗಿ ಹರಡಿತು. ಅದೇ ಪಂದ್ಯದಲ್ಲಿ ಮೂರು ವಿಕೆಟ್ ಪಡೆದ ನಾಸ್ತುಷ್ ಕೆಂಜಿಗೆ ಚಿಕ್ಕಮಗಳೂರಿನ ಕಡೆ ಬೆಳೆದವರು ಎಂದು ತಿಳಿದು ನಮ್ಮಲ್ಲಿ ಹಲವರು ಹುಬ್ಬೇರಿಸಿದ್ದೂ ಉಂಟು. ಮರುವರ್ಷ, 2025ರ ಜುಲೈನಲ್ಲಿ, ಇಟಲಿಯು ಭಾರತ ಮತ್ತು ಶ್ರೀಲಂಕಾದ ಆತಿಥ್ಯದ 20 ತಂಡಗಳ ಟಿ20 ವಿಶ್ವಕಪ್‌ಗೆ ಮೊದಲ ಬಾರಿ ಅರ್ಹತೆ ಪಡೆಯಿತು. ಹೀಗೆ ಹೊಸ ಹೊಸ ಹೆಸರುಗಳು ಟಿವಿ ಪರದೆಯ ಮೇಲೆ ಬಂದಾಗಲೆಲ್ಲ ಸಾಮಾನ್ಯ ಪ್ರೇಕ್ಷಕರಿಗೆ ಸಹಜವಾಗಿ ಒಂದಷ್ಟು ಪ್ರಶ್ನೆಗಳು ಏಳುತ್ತವೆ. ಈ ಆಟಗಾರರು ವಿಶ್ವಕಪ್ ಇಲ್ಲದ ದಿನಗಳಲ್ಲಿ ಎಲ್ಲಿರುತ್ತಾರೆ? ಅವರಿಗೆ ಸಂಬಳ ಯಾರು ಕೊಡುತ್ತಾರೆ? ದೊಡ್ಡ ತಂಡವೊಂದನ್ನು ಸೋಲಿಸಿದ ಮೇಲೂ ಅವರು ಮತ್ತೆ ವರ್ಷಗಟ್ಟಲೆ ಕಣ್ಣಿಗೆ ಬೀಳದಿರುವುದು ಏಕೆ?

ಈ ಪ್ರಶ್ನೆಗಳಿಗೆ ನಿಯಮಾವಳಿಯ ಪುಸ್ತಕದಿಂದ ಉತ್ತರ ಕೊಡುವುದಕ್ಕಿಂತ, ಆ ನಿಯಮಗಳ ಒಳಗೇ ಬದುಕಿದ ಒಬ್ಬ ಆಟಗಾರನನ್ನು ಹಿಂಬಾಲಿಸುವುದು ಸುಲಭ. ಐರ್ಲೆಂಡಿನ ಆಲ್‌ರೌಂಡರ್ ಕೆವಿನ್ ಓಬ್ರಿಯನ್ ಅದಕ್ಕೆ ತಕ್ಕ ವ್ಯಕ್ತಿ. ಅವರು 2006ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟಿಗೆ ಬಂದಾಗ ಐರ್ಲೆಂಡ್ ಹೊರಗಿನ ಜಗಲಿಯ ಮೇಲೆ ಕುಳಿತಿದ್ದ ದೇಶ. 2021ರಲ್ಲಿ ಕೊನೆಯ ಪಂದ್ಯ ಆಡುವ ಹೊತ್ತಿಗೆ ಟೆಸ್ಟ್ ಆಡುವ ದೇಶ. ಅಲ್ಲದೆ, ಅವರ ಅತಿ ಪ್ರಸಿದ್ಧ ಇನಿಂಗ್ಸ್ ನಡೆದದ್ದು ಬೆಂಗಳೂರಿನಲ್ಲಿ.

ಪೂರ್ಣ ಸದಸ್ಯ, ಸಹ ಸದಸ್ಯ

ಜಗತ್ತಿನ ಕ್ರಿಕೆಟ್ ಆಡಳಿತವನ್ನು ನೋಡಿಕೊಳ್ಳುವುದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಅಂದರೆ ಐಸಿಸಿ. ಇದರಲ್ಲಿ ಎರಡು ಬಗೆಯ ಸದಸ್ಯರಿದ್ದಾರೆ. ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್ ಮೊದಲಾದ 12 ದೇಶಗಳು ಪೂರ್ಣ ಸದಸ್ಯರು. ನೇಪಾಳ, ನಮೀಬಿಯಾ, ನೆದರ್ಲೆಂಡ್ಸ್, ಇಟಲಿಗಳೂ ಸೇರಿದಂತೆ ತೊಂಬತ್ತಕ್ಕೂ ಹೆಚ್ಚು ದೇಶಗಳು ಸಹ ಸದಸ್ಯರು. ಪತ್ರಿಕೆಗಳಲ್ಲಿ ‘ಅಸೋಸಿಯೇಟ್ ರಾಷ್ಟ್ರ’ ಎಂದು ಬರೆಯುವುದು ಇವನ್ನೇ.

ನಮ್ಮೂರಿನ ಸಹಕಾರ ಸಂಘವನ್ನು ನೆನಪಿಸಿಕೊಂಡರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಸೊಸೈಟಿಯಲ್ಲಿ ಷೇರು ಹೊಂದಿದ ಸದಸ್ಯನಿಗೆ ಮತದಾನದ ಹಕ್ಕಿದೆ, ಲಾಭಾಂಶವಿದೆ, ಆಡಳಿತ ಮಂಡಳಿಗೆ ನಿಲ್ಲುವ ಅವಕಾಶವಿದೆ. ಸಹ ಸದಸ್ಯನಿಗೆ ಸಂಘದ ವ್ಯವಹಾರದಲ್ಲಿ ಪ್ರವೇಶವಿದ್ದರೂ ತೀರ್ಮಾನದಲ್ಲಿ ಪಾಲು ತೀರಾ ಕಡಿಮೆ. ಐಸಿಸಿಯಲ್ಲೂ ಹಾಗೆಯೇ: 12 ಪೂರ್ಣ ಸದಸ್ಯರಿಗೆ ಮಂಡಳಿಯಲ್ಲಿ ಒಬ್ಬೊಬ್ಬ ಪ್ರತಿನಿಧಿಯಿದ್ದರೆ, ಉಳಿದ ತೊಂಬತ್ತಕ್ಕೂ ಹೆಚ್ಚು ದೇಶಗಳಿಗೆಲ್ಲ ಸೇರಿ ಮೂವರಿದ್ದಾರೆ. ಟೆಸ್ಟ್ ಪಂದ್ಯ ಆಡುವ ಹಕ್ಕು ಪೂರ್ಣ ಸದಸ್ಯರಿಗೆ ಮಾತ್ರ. ಐಸಿಸಿಯ ಆದಾಯದ ಹಂಚಿಕೆಯಲ್ಲೂ ಇದೇ ಅಂತರ ಕಾಣುತ್ತದೆ. ವರದಿಗಳ ಪ್ರಕಾರ, 2024ರಿಂದ 2027ರವರೆಗಿನ ಅವಧಿಯಲ್ಲಿ ಭಾರತದ ಪಾಲು ಸುಮಾರು ಶೇ 38ರಷ್ಟಾದರೆ, ಸಹ ಸದಸ್ಯ ದೇಶಗಳಿಗೆಲ್ಲ ಒಟ್ಟಾಗಿ ಸಿಗುವುದು ಶೇ 11ರಷ್ಟು.

ಐರ್ಲೆಂಡ್ 1993ರಲ್ಲಿ ಸಹ ಸದಸ್ಯನಾಯಿತು. ಇಲ್ಲೊಂದು ಸ್ಪಷ್ಟೀಕರಣ ಬೇಕು. ರಾಜಕೀಯವಾಗಿ ಆ ದ್ವೀಪ ಎರಡು ಭಾಗವಾಗಿದೆ: ಡಬ್ಲಿನ್ ರಾಜಧಾನಿಯಾಗಿರುವ ಐರ್ಲೆಂಡ್ ಗಣರಾಜ್ಯ ಮತ್ತು ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡ್. ಕ್ರಿಕೆಟಿನಲ್ಲಿ ಮಾತ್ರ ಇಡೀ ದ್ವೀಪಕ್ಕೆ ಒಂದೇ ತಂಡ. ಅದಕ್ಕಾಗಿಯೇ ಆ ತಂಡದ ತವರಿನ ಪಂದ್ಯಗಳು ಡಬ್ಲಿನ್‌ನಲ್ಲೂ ನಡೆಯುತ್ತವೆ, ಬೆಲ್‌ಫಾಸ್ಟ್‌ನಲ್ಲೂ ನಡೆಯುತ್ತವೆ.

ಕೆವಿನ್ ಓಬ್ರಿಯನ್ ಹುಟ್ಟಿದ್ದು 1984ರ ಮಾರ್ಚ್ 4ರಂದು, ಡಬ್ಲಿನ್‌ನಲ್ಲಿ. ತಂದೆ ಬ್ರೆಂಡನ್ ಐರ್ಲೆಂಡ್ ಪರ ಆಡಿದವರು; ಅಣ್ಣ ನಿಯಾಲ್ ವಿಕೆಟ್ ಕೀಪರ್. ಕ್ರಿಕೆಟ್ ಮುಖ್ಯ ಆಟವಲ್ಲದ ದೇಶಗಳಲ್ಲಿ ಇದು ಪದೇ ಪದೇ ಕಾಣುವ ಚಿತ್ರ. ಶಾಲೆ, ಬೀದಿ, ಟಿವಿ ಯಾವುದೂ ಆಟವನ್ನು ಕಲಿಸದಿರುವಾಗ ಮನೆ ಮತ್ತು ಕ್ಲಬ್ಬು ಕಲಿಸುತ್ತವೆ. ಐರ್ಲೆಂಡಿನಲ್ಲಿ ಅಲ್ಲಿನ ದೇಸಿ ಆಟಗಳಾದ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್, ಜೊತೆಗೆ ರಗ್ಬಿ, ಫುಟ್‌ಬಾಲ್ ಇವೆಲ್ಲ ಮುಗಿದ ಮೇಲೆ ಕ್ರಿಕೆಟಿನ ಸರದಿ.

‘ಏಕದಿನ ಮಾನ್ಯತೆ’ ಎಂದರೆ ಏನು?

ಎರಡು ದೇಶಗಳು ಐವತ್ತು ಓವರುಗಳ ಪಂದ್ಯ ಆಡಿದ ಮಾತ್ರಕ್ಕೆ ಅದು ಅಂತರರಾಷ್ಟ್ರೀಯ ಏಕದಿನ ಪಂದ್ಯವಾಗುವುದಿಲ್ಲ. ಎರಡೂ ತಂಡಗಳಿಗೆ ಐಸಿಸಿ ಆ ಮಾನ್ಯತೆ ಕೊಟ್ಟಿರಬೇಕು. ಪೂರ್ಣ ಸದಸ್ಯರಿಗೆ ಇದು ಕಾಯಂ. ಸಹ ಸದಸ್ಯರಲ್ಲಿ ಕೆಲವರಿಗೆ ಮಾತ್ರ, ಅದೂ ನಿಗದಿತ ಅವಧಿಗೆ; ಅವಧಿ ಮುಗಿಯುವಾಗ ಅರ್ಹತಾ ಪಂದ್ಯಾವಳಿಯಲ್ಲಿ ಮತ್ತೆ ಗೆದ್ದು ಉಳಿಸಿಕೊಳ್ಳಬೇಕು. ನಮ್ಮ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಸ್ಥಿತಿಗೆ ಇದನ್ನು ಹೋಲಿಸಬಹುದು. ಪಾಠ ಮಾಡುವುದು ಅದೇ ತರಗತಿಯಲ್ಲಿ, ಅದೇ ಪಠ್ಯವನ್ನು. ಮುಂದಿನ ವರ್ಷ ಹುದ್ದೆ ಇರುತ್ತದೆಯೇ ಎಂಬುದು ಮಾತ್ರ ಪ್ರತಿ ಸಲವೂ ಹೊಸ ಪ್ರಶ್ನೆ.

ಐರ್ಲೆಂಡಿಗೆ ಆ ಹುದ್ದೆ ಸಿಕ್ಕಿದ್ದು 2005ರ ಐಸಿಸಿ ಟ್ರೋಫಿಯ ಮೂಲಕ. ಐಸಿಸಿ ಟ್ರೋಫಿಯೆಂದರೆ ಸಹ ಸದಸ್ಯ ದೇಶಗಳ ಅಂದಿನ ಅರ್ಹತಾ ಪಂದ್ಯಾವಳಿ. ತಮ್ಮದೇ ನೆಲದಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಐರಿಷ್ ತಂಡ ಫೈನಲ್ ತಲುಪಿ ಸ್ಕಾಟ್ಲೆಂಡಿಗೆ ಸೋತಿತು. ಆದರೆ 2007ರ ವಿಶ್ವಕಪ್ ಟಿಕೆಟ್ ಮತ್ತು ಏಕದಿನ ಮಾನ್ಯತೆ ಎರಡೂ ಕೈಸೇರಿದವು.

ಮೊದಲ ಅಧಿಕೃತ ಏಕದಿನ ಪಂದ್ಯ 2006ರ ಜೂನ್ 13ರಂದು ಬೆಲ್‌ಫಾಸ್ಟ್‌ನ ಸ್ಟಾರ್ಮಂಟ್ ಮೈದಾನದಲ್ಲಿ, ಇಂಗ್ಲೆಂಡ್ ವಿರುದ್ಧ. 22 ವರ್ಷದ ಕೆವಿನ್ ಏಕದಿನ ಕ್ರಿಕೆಟಿನಲ್ಲಿ ತಾವು ಎಸೆದ ಮೊದಲ ಎಸೆತದಲ್ಲೇ ಆಂಡ್ರ್ಯೂ ಸ್ಟ್ರಾಸ್ ಅವರ ವಿಕೆಟ್ ಪಡೆದರು. ಆ ಪಂದ್ಯದಲ್ಲಿ ಇದಕ್ಕಿಂತಲೂ ಅರ್ಥಪೂರ್ಣವಾದ ಇನ್ನೊಂದು ಸಂಗತಿಯಿತ್ತು. ಡಬ್ಲಿನ್‌ನ ಎಡ್ ಜಾಯ್ಸ್ ಅಂದು ಇಂಗ್ಲೆಂಡ್ ಪರವಾಗಿ ಪದಾರ್ಪಣೆ ಮಾಡಿದರು. ಅವರ ಸಹೋದರ ಡೊಮಿನಿಕ್ ಜಾಯ್ಸ್ ಅದೇ ದಿನ ಐರ್ಲೆಂಡ್ ಪರವಾಗಿ. ಒಂದೇ ಮನೆಯ ಇಬ್ಬರು ಎದುರುಬದುರು ನಿಲ್ಲುವಂತೆ ಮಾಡಿದ್ದು ಯಾವುದು ಎಂಬುದನ್ನು ತಿಳಿದರೆ ಸಣ್ಣ ದೇಶಗಳ ಅರ್ಧ ಸಮಸ್ಯೆ ತಿಳಿದಂತೆ.

ಆಟಗಾರರು ದೇಶ ಬದಲಿಸುವುದು ಏಕೆ?

ಟೆಸ್ಟ್ ಆಡಬೇಕೆಂಬ ಆಸೆ ಇರುವ ಐರಿಷ್ ಹುಡುಗನಿಗೆ 2018ರವರೆಗೂ ಇದ್ದದ್ದು ಒಂದೇ ದಾರಿ, ಇಂಗ್ಲೆಂಡಿನದು. ಇಂಗ್ಲೆಂಡಿನ ಕೌಂಟಿ ತಂಡಗಳಲ್ಲಿ, ಅಂದರೆ ನಮ್ಮ ರಣಜಿ ತಂಡಗಳಿಗೆ ಸಮನಾದ ವೃತ್ತಿಪರ ತಂಡಗಳಲ್ಲಿ, ಐರಿಷ್ ಆಟಗಾರರಿಗೆ ಕೆಲಸ ಸಿಗುತ್ತಿತ್ತು. ಅಲ್ಲಿ ಮಿಂಚಿದವರ ಮೇಲೆ ಇಂಗ್ಲೆಂಡಿನ ಆಯ್ಕೆಗಾರರ ಕಣ್ಣು ಬೀಳುತ್ತಿತ್ತು. ಸಹ ಸದಸ್ಯ ದೇಶದಿಂದ ಪೂರ್ಣ ಸದಸ್ಯ ದೇಶಕ್ಕೆ ಹೋಗಲು ಕಾಯುವ ಅವಧಿ ಇರಲಿಲ್ಲ. ಹಿಂದಿರುಗಿ ಬರಲು ಮಾತ್ರ ವರ್ಷಗಟ್ಟಲೆ ಕಾಯಬೇಕಿತ್ತು. ಬಾಗಿಲು ಒಂದೇ ಕಡೆಗೆ ಸಲೀಸಾಗಿ ತೆರೆಯುತ್ತಿತ್ತು.

ಇಯಾನ್ ಮಾರ್ಗನ್ ಇದರ ಅತಿ ಪ್ರಸಿದ್ಧ ನಿದರ್ಶನ. 2009ರ ಏಪ್ರಿಲ್‌ನಲ್ಲಿ ಐರ್ಲೆಂಡ್ ಪರ ವಿಶ್ವಕಪ್ ಅರ್ಹತಾ ಪಂದ್ಯಾವಳಿ ಆಡಿದ ಅವರು, ಮೇ ತಿಂಗಳಲ್ಲಿ ಇಂಗ್ಲೆಂಡ್ ಅಂಗಿ ತೊಟ್ಟಿದ್ದರು. ಮುಂದಿನ ವರ್ಷ ನಮ್ಮ ಆರ್‌ಸಿಬಿಯಲ್ಲೂ ಕಾಣಿಸಿಕೊಂಡ ಮಾರ್ಗನ್, 2019ರಲ್ಲಿ ನಾಯಕನಾಗಿ ಇಂಗ್ಲೆಂಡಿಗೆ ಅದರ ಮೊದಲ ಏಕದಿನ ವಿಶ್ವಕಪ್ ಗೆದ್ದುಕೊಟ್ಟರು. ಎತ್ತರದ ವೇಗಿ ಬಾಯ್ಡ್ ರ‍್ಯಾಂಕಿನ್ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಒಂದೇ ಒಂದು ಟೆಸ್ಟ್ ಆಡಿ, ಮತ್ತೆ ಐರ್ಲೆಂಡಿಗೆ ಮರಳಿದರು. ಎಡ್ ಜಾಯ್ಸ್ ಕೂಡ ವಿಶೇಷ ಅನುಮತಿ ಪಡೆದು 2011ರ ವಿಶ್ವಕಪ್ ಹೊತ್ತಿಗೆ ಹಿಂದಿರುಗಿದರು.

ಇದನ್ನು ನಿಷ್ಠೆಯ ಪ್ರಶ್ನೆಯಾಗಿ ನೋಡುವವರಿದ್ದಾರೆ. ವೃತ್ತಿಯ ದೃಷ್ಟಿಯಿಂದ ನೋಡಿದರೆ ಲೆಕ್ಕ ಸರಳವಾಗಿದೆ: ಊರಿನ ಕಂಪನಿಯಲ್ಲಿ ಬಡ್ತಿಗೆ ಮೇಲಿನ ಹುದ್ದೆಯೇ ಇಲ್ಲದಿದ್ದರೆ ಜಾಣರು ಪಕ್ಕದ ಊರಿಗೆ ಹೋಗುತ್ತಾರೆ. ಕೆವಿನ್ ಓಬ್ರಿಯನ್ ಕೂಡ ನಾಟಿಂಗ್‌ಹ್ಯಾಂಶೈರ್, ಗ್ಲಾಸ್ಟರ್‌ಶೈರ್, ಸರ್ರೆ ಮೊದಲಾದ ಕೌಂಟಿಗಳಲ್ಲಿ ಅಲ್ಪಾವಧಿಗೆ ಆಡಿದರು. ಅಂತರರಾಷ್ಟ್ರೀಯ ಕ್ರಿಕೆಟನ್ನು ಮಾತ್ರ ಐರ್ಲೆಂಡ್ ಬಿಟ್ಟು ಬೇರೆ ಯಾರ ಪರವಾಗಿಯೂ ಆಡಲಿಲ್ಲ.

ರಜೆ ಹಾಕಿ ಆಡಿದ ವಿಶ್ವಕಪ್

2007ರ ವಿಶ್ವಕಪ್‌ಗೆ ವೆಸ್ಟ್ ಇಂಡೀಸಿಗೆ ಹೋದ ಐರಿಷ್ ತಂಡದಲ್ಲಿ ಪೂರ್ಣಾವಧಿ ಕ್ರಿಕೆಟಿಗರು ಕೆಲವರೇ. ಶಾಲಾ ಶಿಕ್ಷಕರಿದ್ದರು, ಅಂಚೆ ಹಂಚುವವರಿದ್ದರು. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಈ ತಂಡ ಮಾರ್ಚ್ 15ರಂದು ಜಿಂಬಾಬ್ವೆಯೊಂದಿಗೆ ಸಮಬಲ ಸಾಧಿಸಿತು. ಎರಡು ದಿನಗಳ ನಂತರ, ಐರಿಷರ ರಾಷ್ಟ್ರೀಯ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದಂದು, ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ಪಾಕಿಸ್ತಾನವನ್ನು 132 ರನ್ನುಗಳಿಗೆ ಆಲೌಟ್ ಮಾಡಿ ಮೂರು ವಿಕೆಟ್‌ಗಳಿಂದ ಗೆದ್ದಿತು. ನಿಯಾಲ್ 72 ರನ್ ಹೊಡೆದರು, ಕೊನೆಯಲ್ಲಿ ಕೆವಿನ್ ಔಟಾಗದೆ ಉಳಿದರು, ನಾಯಕ ಟ್ರೆಂಟ್ ಜಾನ್‌ಸ್ಟನ್ ಸಿಕ್ಸರ್ ಎತ್ತಿ ಪಂದ್ಯ ಮುಗಿಸಿದರು.

ಆ ಗೆಲುವಿನ ನಿಜವಾದ ಫಲ ಕಾಣಿಸಿದ್ದು ಕಚೇರಿಯ ಕಾಗದಪತ್ರಗಳಲ್ಲಿ. ಪ್ರಾಯೋಜಕರು ಬಂದರು, ಮುಂದಿನ ಕೆಲವು ವರ್ಷಗಳಲ್ಲಿ ‘ಕೇಂದ್ರ ಒಪ್ಪಂದ’ ಎಂಬ ವ್ಯವಸ್ಥೆ ಬಂತು. ಆಟಗಾರನಿಗೆ ಕ್ಲಬ್ಬಿನ ಬದಲು ದೇಶದ ಕ್ರಿಕೆಟ್ ಸಂಸ್ಥೆಯೇ ನೇರವಾಗಿ ಸಂಬಳ ಕೊಡುವುದು ಕೇಂದ್ರ ಒಪ್ಪಂದ. ಒಬ್ಬ ಬೌಲರ್ ಬೆಳಿಗ್ಗೆ ಕೆಲಸ ಮುಗಿಸಿ ಸಂಜೆ ನೆಟ್ಸ್‌ಗೆ ಬರುವುದಕ್ಕೂ, ದಿನವಿಡೀ ಅದನ್ನೇ ಕಸುಬಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಜೊತೆಗೆ ಸಹ ಸದಸ್ಯ ದೇಶಗಳಿಗೆಂದೇ ಐಸಿಸಿ ನಡೆಸುತ್ತಿದ್ದ ಇಂಟರ್‌ಕಾಂಟಿನೆಂಟಲ್ ಕಪ್ ಎಂಬ ನಾಲ್ಕು ದಿನಗಳ ಪಂದ್ಯಗಳ ಸರಣಿಯನ್ನು ಐರ್ಲೆಂಡ್ ನಾಲ್ಕು ಬಾರಿ ಗೆದ್ದಿತು. ಟೆಸ್ಟ್ ಆಡದ ದೇಶದ ಆಟಗಾರರು ದಿನಗಟ್ಟಲೆ ಬ್ಯಾಟಿಂಗ್ ಮಾಡಲು ಕಲಿತದ್ದು ಪ್ರೇಕ್ಷಕರಿಲ್ಲದ ಈ ಪಂದ್ಯಗಳಲ್ಲಿ.

ಬೆಂಗಳೂರು, 2011ರ ಮಾರ್ಚ್ 2

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅದಕ್ಕೆ ಮೂರು ದಿನಗಳ ಹಿಂದಷ್ಟೇ ಭಾರತ ಮತ್ತು ಇಂಗ್ಲೆಂಡ್ ತಲಾ 338 ರನ್ ಗಳಿಸಿ ಸಮಬಲ ಸಾಧಿಸಿದ್ದವು. ಊರಿನ ಕ್ರಿಕೆಟ್ ಪ್ರೇಮಿಗಳು ಆ ಗುಂಗಿನಿಂದ ಇನ್ನೂ ಹೊರಬಂದಿರಲಿಲ್ಲ. ಅದೇ ವಿಶ್ವಕಪ್‌ನ ಇಂಗ್ಲೆಂಡ್–ಐರ್ಲೆಂಡ್ ಪಂದ್ಯ ಯಾರ ಲೆಕ್ಕದಲ್ಲೂ ಇರಲಿಲ್ಲ ಎಂದರೆ ಅತಿಶಯೋಕ್ತಿಯಾಗದು.

ಇಂಗ್ಲೆಂಡ್ 8 ವಿಕೆಟ್‌ಗೆ 327 ರನ್ ಗಳಿಸಿತು. ಉತ್ತರವಾಗಿ ಐರ್ಲೆಂಡ್ ನಾಯಕ ವಿಲಿಯಂ ಪೋರ್ಟರ್‌ಫೀಲ್ಡ್ ಮೊದಲ ಎಸೆತಕ್ಕೇ ಬೌಲ್ಡ್. ಸ್ಪಿನ್ನರ್ ಗ್ರೇಮ್ ಸ್ವಾನ್ ಮಧ್ಯದ ಓವರುಗಳಲ್ಲಿ ಮೂರು ವಿಕೆಟ್ ಕಿತ್ತರು. 25ನೇ ಓವರ್‌ನಲ್ಲಿ ಸ್ಕೋರು 5 ವಿಕೆಟ್‌ಗೆ 111. ಉಳಿದ ಅರ್ಧ ಇನಿಂಗ್ಸಿನಲ್ಲಿ ಇನ್ನೂ 217 ರನ್ ಬೇಕಿತ್ತು. ಕ್ರೀಸಿನಲ್ಲಿ ಇದ್ದವರು ಕೆವಿನ್ ಓಬ್ರಿಯನ್ ಮತ್ತು ಅಲೆಕ್ಸ್ ಕ್ಯುಸ್ಯಾಕ್. ಕ್ಯಾನ್ಸರ್ ನೆರವು ಸಂಸ್ಥೆಯೊಂದಕ್ಕೆ ಹಣ ಸಂಗ್ರಹಿಸಲು ಕೆವಿನ್ ತಲೆಗೂದಲಿಗೆ ಗುಲಾಬಿ ಬಣ್ಣ ಬಳಿಸಿಕೊಂಡಿದ್ದರು. ಹೆಲ್ಮೆಟ್ ತೆಗೆದಾಗಲೆಲ್ಲ ಆ ತಲೆ ಹೊನಲು ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು.

ಅಲ್ಲಿಂದ ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ‘ಬ್ಯಾಟಿಂಗ್ ಪವರ್‌ಪ್ಲೇ’ ಎಂಬ ಅಂದಿನ ನಿಯಮ ತಿಳಿದಿರಬೇಕು. ಬ್ಯಾಟಿಂಗ್ ತಂಡವು ತನಗೆ ಬೇಕೆನಿಸಿದಾಗ ಐದು ಓವರುಗಳನ್ನು ಆರಿಸಿಕೊಳ್ಳಬಹುದಿತ್ತು. ಆ ಓವರುಗಳಲ್ಲಿ ಮೂವರು ಫೀಲ್ಡರುಗಳು ಮಾತ್ರ ವೃತ್ತದ ಹೊರಗಿರಬಹುದು. ಹೆಚ್ಚಿನ ತಂಡಗಳು ಅದನ್ನು ಕೊನೆಯ ಓವರುಗಳಿಗೆಂದು ಎತ್ತಿಟ್ಟುಕೊಂಡು, ಅಷ್ಟರಲ್ಲಿ ವಿಕೆಟ್ ಕಳೆದುಕೊಂಡು ಪರದಾಡುತ್ತಿದ್ದವು. ಓಬ್ರಿಯನ್ ಮತ್ತು ಕ್ಯುಸ್ಯಾಕ್ ಅದನ್ನು ಬೇಗನೆ, ಕೈ ಕುದುರಿದ್ದಾಗಲೇ ತೆಗೆದುಕೊಂಡರು. ಇಬ್ಬರ ಜೊತೆಯಾಟ 162 ರನ್ನುಗಳಿಗೆ ಬೆಳೆಯಿತು. ಕೆವಿನ್ 50 ಎಸೆತಗಳಲ್ಲಿ ಶತಕ ಮುಟ್ಟಿದರು. ವಿಶ್ವಕಪ್ ಇತಿಹಾಸದಲ್ಲಿ ಅದುವರೆಗಿನ ಅತಿ ವೇಗದ ಶತಕ ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಡನ್ ಅವರ 66 ಎಸೆತಗಳದ್ದು. ದಾಖಲೆ ಒಂದೇ ಏಟಿಗೆ 16 ಎಸೆತ ಕೆಳಗಿಳಿಯಿತು. ಒಟ್ಟು 63 ಎಸೆತ, 113 ರನ್, 13 ಬೌಂಡರಿ, 6 ಸಿಕ್ಸರ್.

ಗೆಲುವು ಕೈಯಳತೆಯಲ್ಲಿರುವಾಗ ಅವರು ರನೌಟಾದರು. ಎಂಟನೇ ಕ್ರಮಾಂಕದ ಜಾನ್ ಮೂನಿ ಕೊನೆಯ ಓವರಿನ ಮೊದಲ ಎಸೆತದಲ್ಲಿ ಜೇಮ್ಸ್ ಆಂಡರ್ಸನ್ ಅವರನ್ನು ಬೌಂಡರಿಗೆ ಅಟ್ಟಿದರು. ಐರ್ಲೆಂಡ್ 7 ವಿಕೆಟ್‌ಗೆ 329. ವಿಶ್ವಕಪ್‌ನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದುವರೆಗೆ ಯಾವ ತಂಡವೂ ಬೆನ್ನಟ್ಟಿ ಗೆದ್ದಿರಲಿಲ್ಲ. ಆ 50 ಎಸೆತಗಳ ದಾಖಲೆ ಎಬಿ ಡಿವಿಲಿಯರ್ಸ್ ಅಂಥವರ ಕೈಗೂ ಸಿಗದೆ ಹನ್ನೆರಡು ವರ್ಷ ಉಳಿಯಿತು. 2023ರಲ್ಲಿ ಏಡನ್ ಮರ್ಕ್‌ರಂ 49 ಎಸೆತಗಳಲ್ಲಿ ಅದನ್ನು ಮುರಿದರೆ, ಅದೇ ಪಂದ್ಯಾವಳಿಯಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್ 40 ಎಸೆತಗಳಿಗೆ ಇಳಿಸಿದರು.

ಗೆದ್ದ ಮರುತಿಂಗಳು

ಭಾರತ ವಿಶ್ವಕಪ್ ಗೆದ್ದ ಸಂಭ್ರಮ ಇನ್ನೂ ಮುಗಿಯದ ಆ ಏಪ್ರಿಲ್‌ನಲ್ಲೇ ಐಸಿಸಿ ಒಂದು ತೀರ್ಮಾನ ಪ್ರಕಟಿಸಿತು: 2015ರ ವಿಶ್ವಕಪ್‌ನಲ್ಲಿ 10 ತಂಡಗಳು ಮಾತ್ರ, ಆ ಹತ್ತೂ ಪೂರ್ಣ ಸದಸ್ಯರೇ. ಆಗ ಪೂರ್ಣ ಸದಸ್ಯರಿದ್ದದ್ದು ಸರಿಯಾಗಿ ಹತ್ತು ದೇಶಗಳು. ಇಂಗ್ಲೆಂಡನ್ನು ಸೋಲಿಸಿದ ತಂಡಕ್ಕೆ ಮುಂದಿನ ಸಲ ಅರ್ಹತಾ ಸುತ್ತು ಆಡುವ ಅವಕಾಶವೂ ಇರಲಿಲ್ಲ. ಟೀಕೆ ಹೆಚ್ಚಾದ ಮೇಲೆ ಜೂನ್‌ನಲ್ಲಿ ತೀರ್ಮಾನ ಬದಲಾಗಿ, 2015ರಲ್ಲಿ 14 ತಂಡಗಳೇ ಆಡಿದವು. ಐರ್ಲೆಂಡ್ ಅಲ್ಲಿ ವೆಸ್ಟ್ ಇಂಡೀಸ್, ಯುಎಇ, ಜಿಂಬಾಬ್ವೆ ತಂಡಗಳನ್ನು ಸೋಲಿಸಿ, ರನ್‌ರೇಟ್ ಲೆಕ್ಕದಲ್ಲಿ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡಿತು. ಯುಎಇ ವಿರುದ್ಧ ಸೋಲಿನ ಅಂಚಿನಲ್ಲಿದ್ದಾಗ ಕೆವಿನ್ 25 ಎಸೆತಗಳಲ್ಲಿ 50 ಹೊಡೆದಿದ್ದರು.

2019 ಮತ್ತು 2023ರಲ್ಲಿ ಮಾತ್ರ ಹತ್ತೇ ತಂಡಗಳು ಆಡಿದವು; ಎರಡೂ ಬಾರಿ ಐರ್ಲೆಂಡ್ ಹೊರಗುಳಿಯಿತು. ಹೀಗೆ ಬೆಂಗಳೂರಿನಲ್ಲಿ 27ನೇ ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು ಆ ಶತಕ ಬಾರಿಸಿದ ಆಟಗಾರನಿಗೆ ಜೀವನದಲ್ಲಿ ಇನ್ನು ಒಂದೇ ಒಂದು ಏಕದಿನ ವಿಶ್ವಕಪ್ ಉಳಿದಿತ್ತು.

ದೊಡ್ಡ ಪಂದ್ಯಾವಳಿಗಳಲ್ಲಿ ತಂಡಗಳ ಸಂಖ್ಯೆ ಕಡಿಮೆ ಮಾಡುವುದಕ್ಕೆ ಆಡಳಿತಗಾರರು ಕೊಡುವ ಕಾರಣಗಳಿವೆ: ಏಕಪಕ್ಷೀಯ ಪಂದ್ಯಗಳು ಕಡಿಮೆಯಾಗುತ್ತವೆ, ಬಲಿಷ್ಠ ತಂಡಗಳು ಹೆಚ್ಚು ಬಾರಿ ಮುಖಾಮುಖಿಯಾಗುತ್ತವೆ, ಪ್ರಸಾರ ಹಕ್ಕಿನ ಬೆಲೆ ಏರುತ್ತದೆ. ಸಣ್ಣ ದೇಶಗಳ ವಾದ ಇದಕ್ಕೆ ತಿರುಗುಮುರುಗು. ಅವುಗಳ ಸರ್ಕಾರಿ ಅನುದಾನ, ಪ್ರಾಯೋಜಕತ್ವ, ಮಕ್ಕಳ ಆಸಕ್ತಿ ಎಲ್ಲವೂ ನಾಲ್ಕು ವರ್ಷಕ್ಕೊಮ್ಮೆ ಟಿವಿಯಲ್ಲಿ ಕಾಣಿಸಿಕೊಳ್ಳುವುದರ ಮೇಲೇ ನಿಂತಿವೆ.

ಟೆಸ್ಟ್ ಮಾನ್ಯತೆ ಬಂದಾಗ

2013ರಲ್ಲಿ ಐರ್ಲೆಂಡ್ ತನ್ನ ಪ್ರಾಂತ್ಯಗಳ ನಡುವಿನ ದೇಶೀಯ ಟೂರ್ನಿಗೆ ಹೊಸ ರೂಪ ಕೊಟ್ಟಿತು. 2017ರಲ್ಲಿ ಅದಕ್ಕೆ ಪ್ರಥಮ ದರ್ಜೆ ಮಾನ್ಯತೆ, ಅಂದರೆ ನಮ್ಮ ರಣಜಿ ಪಂದ್ಯಗಳಿಗಿರುವ ಸ್ಥಾನ, ದೊರೆಯಿತು. ಅದೇ ವರ್ಷ ಜೂನ್ 22ರಂದು ಲಂಡನ್ನಿನಲ್ಲಿ ಐಸಿಸಿಯು ಅಫ್ಗಾನಿಸ್ತಾನ ಮತ್ತು ಐರ್ಲೆಂಡ್ ಎರಡನ್ನೂ ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಂಡಿತು. 2000ದಲ್ಲಿ ಬಾಂಗ್ಲಾದೇಶ ಬಂದ ಮೇಲೆ ಹದಿನೇಳು ವರ್ಷ ಮುಚ್ಚಿದ್ದ ಬಾಗಿಲದು.

ಮೊದಲ ಟೆಸ್ಟ್ 2018ರ ಮೇ 11ರಿಂದ, ಡಬ್ಲಿನ್ ಉತ್ತರಕ್ಕಿರುವ ಮಲಾಹೈಡ್‌ನಲ್ಲಿ, ಪಾಕಿಸ್ತಾನದ ವಿರುದ್ಧ. ಮೊದಲ ದಿನ ಪೂರ್ತಿ ಮಳೆ. ಪಾಕಿಸ್ತಾನ 9 ವಿಕೆಟ್‌ಗೆ 310 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಐರ್ಲೆಂಡ್ 7 ರನ್ ಆಗುವಷ್ಟರಲ್ಲಿ ನಾಲ್ಕು ವಿಕೆಟ್ ಕಳೆದುಕೊಂಡು ಕೊನೆಗೆ 130ಕ್ಕೆ ಆಲೌಟ್. ಅದರಲ್ಲಿ ಗರಿಷ್ಠ 40 ಕೆವಿನ್ ಅವರದು. ಹಿನ್ನಡೆ 180 ರನ್. ಐದು ದಿನಗಳ ಪಂದ್ಯದಲ್ಲಿ ಫಾಲೋ ಆನ್ ಹೇರಲು, ಅಂದರೆ ಎದುರಾಳಿಯನ್ನು ಬೆನ್ನುಬೆನ್ನಿಗೆ ಎರಡನೇ ಬಾರಿ ಬ್ಯಾಟಿಂಗಿಗೆ ಇಳಿಸಲು, 200 ರನ್ ಮುನ್ನಡೆ ಬೇಕು. ಆದರೆ ಮೊದಲ ದಿನ ಮಳೆಗೆ ಹೋದರೆ ಪಂದ್ಯವನ್ನು ನಾಲ್ಕು ದಿನದ್ದೆಂದು ಲೆಕ್ಕ ಹಿಡಿದು, ಆ ಮಿತಿ 150ಕ್ಕೆ ಇಳಿಯುತ್ತದೆ. ಮಳೆಯ ದೆಸೆಯಿಂದಲೇ ಐರ್ಲೆಂಡ್ ಮತ್ತೆ ಬ್ಯಾಟ್ ಹಿಡಿಯಬೇಕಾಯಿತು.

ಎರಡನೇ ಇನಿಂಗ್ಸಿನಲ್ಲಿ ಆರನೇ ವಿಕೆಟ್ 157ಕ್ಕೆ ಬಿದ್ದಾಗ ಐರ್ಲೆಂಡ್ ಇನ್ನೂ ಹಿಂದಿತ್ತು. ಕೆವಿನ್ ಮತ್ತು ಸ್ಟುವರ್ಟ್ ಥಾಂಪ್ಸನ್ ಏಳನೇ ವಿಕೆಟ್‌ಗೆ 114 ರನ್ ಸೇರಿಸಿದರು. ನಾಲ್ಕನೇ ದಿನದ ಸಂಜೆ ಕೆವಿನ್ ಔಟಾಗದೆ 118. ಮರುದಿನ ಬೆಳಿಗ್ಗೆ ಆ ಮೊತ್ತಕ್ಕೆ ಒಂದು ರನ್ನೂ ಸೇರದೆ ಅವರು ಔಟಾದರು, ತಂಡ 339ಕ್ಕೆ ನಿಂತಿತು. 160ರ ಗುರಿ ಬೆನ್ನಟ್ಟಿದ ಪಾಕಿಸ್ತಾನ 14ಕ್ಕೆ ಮೂರು ವಿಕೆಟ್ ಕಳೆದುಕೊಂಡು ಬೆವರಿದರೂ ಐದು ವಿಕೆಟ್‌ಗಳಿಂದ ಗೆದ್ದಿತು.

ಬೆಂಗಳೂರಿನ 113 ರನ್ ಬಂದದ್ದು 63 ಎಸೆತಗಳಲ್ಲಿ; ಮಲಾಹೈಡ್‌ನ 118ಕ್ಕೆ ಅವರು ಎದುರಿಸಿದ್ದು 217 ಎಸೆತ. ದೇಶದ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು ಅದಕ್ಕೆ ಮೊದಲು ಮೂವರೇ ಇದ್ದರು: 1877ರಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಬ್ಯಾನರ್‌ಮನ್, 1992ರಲ್ಲಿ ಜಿಂಬಾಬ್ವೆಯ ಡೇವ್ ಹೌಟನ್, 2000ದಲ್ಲಿ ಬಾಂಗ್ಲಾದೇಶದ ಅಮೀನುಲ್ ಇಸ್ಲಾಂ. ಆದರೆ ಈ ನಾಲ್ಕನೆಯವರಿಗೆ ಆಗಲೇ 34 ವರ್ಷ.

ಮಾನ್ಯತೆ ಬಂದರೂ ಪಂದ್ಯಗಳು ಬರಲಿಲ್ಲ

ಕೆವಿನ್ ಆಡಿದ ಎರಡನೇ ಟೆಸ್ಟ್ 2019ರ ಮಾರ್ಚ್‌ನಲ್ಲಿ, ಅಫ್ಗಾನಿಸ್ತಾನದ ವಿರುದ್ಧ. ಅಫ್ಗನ್ನರು ಸ್ವದೇಶದಲ್ಲಿ ಆಡುವಂತಿರಲಿಲ್ಲವಾದ್ದರಿಂದ ಅವರ ‘ತವರಿನ’ ಪಂದ್ಯ ನಮ್ಮ ಡೆಹ್ರಾಡೂನ್‌ನಲ್ಲಿ ನಡೆಯಿತು. ಕೆವಿನ್ ಎರಡನೇ ಇನಿಂಗ್ಸಿನಲ್ಲಿ 56 ರನ್ ಗಳಿಸಿದರು. ಮೂರನೆಯದು ಅದೇ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ. ಇಂಗ್ಲೆಂಡನ್ನು 85ಕ್ಕೆ ಉರುಳಿಸಿದ ಐರ್ಲೆಂಡ್, ತನ್ನ ಎರಡನೇ ಇನಿಂಗ್ಸಿನಲ್ಲಿ 38ಕ್ಕೆ ಉರುಳಿತು. ಅಲ್ಲಿಗೆ ಮುಗಿಯಿತು. ಐರ್ಲೆಂಡ್ ಮತ್ತೊಂದು ಟೆಸ್ಟ್ ಆಡಿದ್ದು 2023ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಕೆವಿನ್ ನಿವೃತ್ತರಾಗಿದ್ದರು.

ಕಾರಣ ಹಣದ ಲೆಕ್ಕದಲ್ಲಿದೆ. ಎರಡು ದೇಶಗಳ ನಡುವಿನ ಸರಣಿಯ ಖರ್ಚನ್ನು ಬಹುಮಟ್ಟಿಗೆ ಆತಿಥೇಯ ಸಂಸ್ಥೆ ಹೊರುತ್ತದೆ, ಪ್ರಸಾರ ಹಕ್ಕಿನ ಆದಾಯವೂ ಅದಕ್ಕೇ ಸೇರುತ್ತದೆ. ಭಾರತದಲ್ಲಿ ಈ ಆದಾಯ ಖರ್ಚನ್ನು ಹಲವು ಪಟ್ಟು ಮೀರುತ್ತದೆ. ಐರ್ಲೆಂಡಿನಲ್ಲಿ ಕಾಯಂ ಗ್ಯಾಲರಿಗಳಿರುವ ದೊಡ್ಡ ಕ್ರಿಕೆಟ್ ಕ್ರೀಡಾಂಗಣವೇ ಇರಲಿಲ್ಲ. ಮದುವೆಗೆ ಶಾಮಿಯಾನ ಹಾಕಿಸುವಂತೆ, ಪ್ರತಿ ದೊಡ್ಡ ಪಂದ್ಯಕ್ಕೂ ಆಸನ, ಡೇರೆ, ಮಾಧ್ಯಮ ಕೊಠಡಿಗಳನ್ನು ಬಾಡಿಗೆಗೆ ತಂದು ಕಟ್ಟಬೇಕು. ಐದು ದಿನದ ಟೆಸ್ಟಿಗೆ ಇಷ್ಟೆಲ್ಲ ಮಾಡಿದರೆ ಖರ್ಚು ಹುಟ್ಟುವುದಿಲ್ಲ; ಒಂದು ಸಂಜೆಯ ಟಿ20 ಪಂದ್ಯ ಅಗ್ಗ. ಅದರ ಮೇಲೆ 2019ರಲ್ಲಿ ಶುರುವಾದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಒಂಬತ್ತು ತಂಡಗಳಿಗಷ್ಟೇ ಜಾಗ. ಐರ್ಲೆಂಡ್, ಅಫ್ಗಾನಿಸ್ತಾನ, ಜಿಂಬಾಬ್ವೆ ಅದರ ಹೊರಗೆ. ಟೆಸ್ಟ್ ಆಡುವ ಹಕ್ಕು ಕೈಯಲ್ಲಿದ್ದರೂ, ಕರೆದು ಆಡಿಸುವವರಿಲ್ಲ.

ಅಂಕಿಅಂಶಗಳನ್ನು ಓದುವ ಬಗೆ

ಕೆವಿನ್ ಆಡಿದ ಏಕದಿನ ಪಂದ್ಯಗಳು 153, ಗಳಿಸಿದ ರನ್ 3,619, ಪಡೆದ ವಿಕೆಟ್ 114. ಟಿ20 ಪಂದ್ಯಗಳು 110. ಟೆಸ್ಟ್ ಮೂರು, ರನ್ 258. ಒಮ್ಮೆಲೇ ನೋಡಿದರೆ ಇವು ಸಾಧಾರಣ ಅಂಕಿಗಳು. ಆದರೆ ಅವರ ಏಕದಿನ ಬಾಳು 2006ರಿಂದ 2021ರವರೆಗೆ ಹದಿನೈದು ವರ್ಷ ಹಬ್ಬಿದೆ. ವರ್ಷಕ್ಕೆ ಸರಾಸರಿ ಹತ್ತು ಪಂದ್ಯ. ಅವರಿಗಿಂತ ಎರಡು ವರ್ಷ ತಡವಾಗಿ, 2008ರಲ್ಲಿ, ಆರಂಭಿಸಿದ ವಿರಾಟ್ ಕೊಹ್ಲಿ 2021ರ ಹೊತ್ತಿಗೆ 250ಕ್ಕೂ ಹೆಚ್ಚು ಏಕದಿನ ಪಂದ್ಯ ಆಡಿದ್ದರು. ಇಬ್ಬರ ಪ್ರತಿಭೆಯನ್ನು ತೂಗುವ ಹೋಲಿಕೆ ಇದಲ್ಲ, ಸಿಕ್ಕ ದಿನಗಳ ಲೆಕ್ಕವಷ್ಟೆ. ಫಾರ್ಮ್ ಕಳೆದುಕೊಂಡ ಭಾರತೀಯನಿಗೆ ಮುಂದಿನ ವಾರವೇ ಇನ್ನೊಂದು ಪಂದ್ಯವಿರುತ್ತದೆ. ಐರಿಷ್ ಆಟಗಾರ ಫಾರ್ಮಿನ ತುತ್ತತುದಿಯಲ್ಲಿರುವಾಗಲೂ ಮುಂದಿನ ದೊಡ್ಡ ಪಂದ್ಯ ತಿಂಗಳುಗಳ ದೂರದಲ್ಲಿರಬಹುದು.

ಹಾಗಿದ್ದೂ 2019ರ ಅಕ್ಟೋಬರ್‌ನಲ್ಲಿ ಒಮಾನ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ 124 ರನ್ ಹೊಡೆದು, ಮೂರೂ ಮಾದರಿಗಳಲ್ಲಿ ಶತಕ ಗಳಿಸಿದ ಮೊದಲ ಐರಿಷ್ ಆಟಗಾರ ಎನಿಸಿದರು. 2020ರ ಆಗಸ್ಟ್ 4ರಂದು ಸೌತಾಂಪ್ಟನ್‌ನಲ್ಲಿ ಐರ್ಲೆಂಡ್ ಇಂಗ್ಲೆಂಡಿನ 328ನ್ನು ಬೆನ್ನಟ್ಟಿ ಗೆದ್ದಾಗ, ಕೊನೆಯ ಓವರಿನಲ್ಲಿ ಕ್ರೀಸಿನಲ್ಲಿ ಇದ್ದವರಲ್ಲಿ ಒಬ್ಬರು ಕೆವಿನ್. ಬೆಂಗಳೂರಿನಲ್ಲಿ ಐರ್ಲೆಂಡಿನ ಅಂತಿಮ ಮೊತ್ತ 329, ಅಂದೂ 329. ಎದುರಾಳಿ ನಾಯಕ ಇಯಾನ್ ಮಾರ್ಗನ್.

ಶಾರ್ಜಾದ ಕೊನೆಯ ಪಂದ್ಯ

2021ರ ಜೂನ್‌ನಲ್ಲಿ ಏಕದಿನ ಕ್ರಿಕೆಟಿಗೆ ವಿದಾಯ ಹೇಳಿದ ಕೆವಿನ್, ಟಿ20ಯಲ್ಲಿ ಮುಂದುವರಿದರು. ಅದೇ ವರ್ಷ ಅಕ್ಟೋಬರ್ 22ರಂದು ಶಾರ್ಜಾದಲ್ಲಿ, ಟಿ20 ವಿಶ್ವಕಪ್‌ನ ಮೊದಲ ಸುತ್ತಿನಲ್ಲಿ, ಐರ್ಲೆಂಡ್ ಮತ್ತು ನಮೀಬಿಯಾ ಮುಖಾಮುಖಿಯಾದವು. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಕೆವಿನ್ 25 ರನ್ ಗಳಿಸಿದರು, ತಂಡ 125ರಲ್ಲಿ ನಿಂತಿತು, ನಮೀಬಿಯಾ ಎಂಟು ವಿಕೆಟ್‌ಗಳಿಂದ ಗೆದ್ದಿತು. ಪೂರ್ಣ ಸದಸ್ಯ ದೇಶವೊಂದನ್ನು ಸಹ ಸದಸ್ಯ ದೇಶ ಮನೆಗೆ ಕಳಿಸಿತು. 2007ರಲ್ಲಿ ಪಾಕಿಸ್ತಾನ ನಿಂತಿದ್ದ ಜಾಗದಲ್ಲಿ ಈಗ ಐರ್ಲೆಂಡ್ ನಿಂತಿತ್ತು. ಆ ಪಂದ್ಯದಲ್ಲಿ ನಮೀಬಿಯಾದ ಆಸರೆಯಾದ ಡೇವಿಡ್ ವೀಸಾ ಆರ್‌ಸಿಬಿ ಅಭಿಮಾನಿಗಳಿಗೆ ಗೊತ್ತಿರುವ ಹೆಸರು. ಮೊದಲು ದಕ್ಷಿಣ ಆಫ್ರಿಕಾ ಪರ ಆಡಿದ್ದ ಅವರು, ತಂದೆ ನಮೀಬಿಯಾದಲ್ಲಿ ಹುಟ್ಟಿದವರೆಂಬ ಆಧಾರದ ಮೇಲೆ ಈ ತಂಡಕ್ಕೆ ಬಂದಿದ್ದರು. ದೊಡ್ಡ ದೇಶದಿಂದ ಸಣ್ಣ ದೇಶಕ್ಕೆ ತೆರೆಯುವ ಬಾಗಿಲೂ ಒಮ್ಮೊಮ್ಮೆ ಕೆಲಸ ಮಾಡುತ್ತದೆ.

ಅದು ಕೆವಿನ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಮುಂದಿನ ವಿಶ್ವಕಪ್ ಆಡಿ ನಿವೃತ್ತರಾಗಬೇಕೆಂದಿದ್ದ ಅವರು, ಆಯ್ಕೆಗಾರರು ಮತ್ತೆ ಕರೆಯದಿದ್ದಾಗ 2022ರ ಆಗಸ್ಟ್ 16ರಂದು ನಿವೃತ್ತಿ ಪ್ರಕಟಿಸಿದರು. ಐರ್ಲೆಂಡ್ ತನ್ನ ಮೊದಲ ಟೆಸ್ಟ್ ಗೆಲುವನ್ನು 2024ರ ಮಾರ್ಚ್‌ನಲ್ಲಿ ಅಬುಧಾಬಿಯಲ್ಲಿ, ಅಫ್ಗಾನಿಸ್ತಾನದ ವಿರುದ್ಧ ಕಂಡಿತು.

2027ರಲ್ಲಿ ಏಕದಿನ ವಿಶ್ವಕಪ್ ಮತ್ತೆ 14 ತಂಡಗಳಿಗೆ ಹಿಗ್ಗುತ್ತಿದೆ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ನಮೀಬಿಯಾ ಜಂಟಿ ಆತಿಥೇಯರು. ಆತಿಥೇಯರೆಂಬ ಕಾರಣಕ್ಕೆ ಮೊದಲ ಎರಡು ದೇಶಗಳಿಗೆ ನೇರ ಪ್ರವೇಶವಿದೆ. ನಮೀಬಿಯಾ ಸಹ ಸದಸ್ಯ ದೇಶವಾದ್ದರಿಂದ, ತನ್ನದೇ ನೆಲದಲ್ಲಿ ನಡೆಯುವ ವಿಶ್ವಕಪ್‌ಗೆ ಅದು ಅರ್ಹತಾ ಸುತ್ತು ಗೆದ್ದೇ ಬರಬೇಕು.